ಹೈಸ್ಕೂಲ್ ಫುಟ್‌ಬಾಲ್‌ನಲ್ಲಿ ಸೊಂಟದ ಕೆಳಗಿನ ಬ್ಲಾಕ್: ಯಾವುದಕ್ಕೆ ಅನುಮತಿ, ಯಾವುದಕ್ಕೆ ಫ್ಲ್ಯಾಗ್?

ಓಹಾಯೋ ಅಪ್ಪ

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕನ್ ಫುಟ್‌ಬಾಲ್ ಚೆನ್ನಾಗಿ ಬಲ್ಲವರು ಕೆಲವರಿದ್ದೀರಿ, ಅದಕ್ಕೇ ಕೇಳ್ತಿದ್ದೀನಿ. ನನ್ನ ಮಗ ಹತ್ತನೇ ಕ್ಲಾಸ್, ಶಾಲೆಯ ಜೆವಿ (ಎರಡನೇ ಹಂತದ) ಟೀಮಿನಲ್ಲಿ ರನ್ನಿಂಗ್ ಬ್ಯಾಕ್, ಅಂದರೆ ಲೈನಿನ ಹಿಂದೆ ನಿಂತು ಚೆಂಡು ಹಿಡಿದು ಓಡುವವನು. ಹೋದ ವಾರದ ಮ್ಯಾಚ್‌ನಲ್ಲಿ ಶಾಟ್‌ಗನ್ ಫಾರ್ಮೇಶನ್ (ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಲೈನಿನಿಂದ ಕೆಲವು ಯಾರ್ಡ್ ಹಿಂದೆ ನಿಲ್ಲುವುದು), ಇವನು ಕ್ವಾರ್ಟರ್‌ಬ್ಯಾಕ್ ಪಕ್ಕ ನಿಂತಿದ್ದ. ಎದುರು ಟೀಮಿನ ಲೈನ್‌ಬ್ಯಾಕರ್ (ಡಿಫೆನ್ಸ್ ಲೈನಿನ ಹಿಂದೆ ನಿಲ್ಲುವವನು) ನಮ್ಮ ಲೈನಿನ ನಡುವಿನ ಸೆಂಟರ್ ಮತ್ತು ಅವನ ಪಕ್ಕದ ಗಾರ್ಡ್ ನಡುವಿನ ಸಂದಿಯಿಂದ ನುಗ್ಗಿ ಬಂದ. ನಮ್ಮವನಿಗಿಂತ ಬಹಳ ದೊಡ್ಡ ಹುಡುಗ. ಇವನು ಬಗ್ಗಿ ಅವನ ಮಂಡಿಯ ಮೇಲ್ಭಾಗಕ್ಕೆ ಭುಜ ಕೊಟ್ಟು ಕೆಡವಿದ. ಪಾಸ್ ಹೋಯ್ತು, ಟಚ್‌ಡೌನ್ ಕೂಡ ಆಯ್ತು. ಆದರೆ ಫ್ಲ್ಯಾಗ್ (ತಪ್ಪು ಎಂದು ರೆಫ್ರೀ ಎಸೆಯುವ ಬಾವುಟ) ಬಿದ್ದಿತ್ತು. ಟಚ್‌ಡೌನ್ ರದ್ದು, ಮೇಲೆ 15 ಯಾರ್ಡ್ ದಂಡ.

ಶನಿವಾರ ಟಿವಿಯಲ್ಲಿ ಕಾಲೇಜು ಮ್ಯಾಚ್ ನೋಡಿದರೆ ಥೇಟ್ ಇದೇ ಬ್ಲಾಕ್ (ಎದುರಿನವನನ್ನು ಮೈಕೊಟ್ಟು ತಡೆಯುವುದು), ಯಾರೂ ಫ್ಲ್ಯಾಗ್ ಹಾಕಲಿಲ್ಲ. ಮಗನ ಕೋಚ್ ಕೂಡ ಅಭ್ಯಾಸದಲ್ಲಿ ‘ದೊಡ್ಡವನು ಬಂದರೆ ಕಟ್ ಮಾಡು’, ಅಂದರೆ ಕಾಲಿಗೆ ಬಿದ್ದು ಕೆಡವು, ಅಂತಲೇ ಹೇಳಿಕೊಟ್ಟಿದ್ದಂತೆ. ಹುಡುಗ ಮೂರು ದಿನದಿಂದ ಸಪ್ಪಗಿದ್ದಾನೆ. ನಿಯಮ ನಿಜಕ್ಕೂ ಏನು ಹೇಳುತ್ತೆ?

ಹುಬ್ಬಳ್ಳಿ ಟು ಹ್ಯೂಸ್ಟನ್

ಅಣ್ಣಾರ, ನಮ್ಮ ಕಡೆ ಟೆಕ್ಸಾಸದಾಗ ಶುಕ್ರವಾರ ರಾತ್ರಿ ಮ್ಯಾಚಿಗೆ ಹೋದ್ರ ಇಂಥಾ ಬ್ಲಾಕ್ ನೋಡೇ ನೋಡ್ತೀವಿ. ಬ್ಲಿಟ್ಝ್ (ಕ್ವಾರ್ಟರ್‌ಬ್ಯಾಕ್ ಮ್ಯಾಲೆ ನುಗ್ಗೋದು) ಬಂದವನ ಮುಂದ ನಿಂತು, ಎದುರಿನಿಂದನ ಕಟ್ ಮಾಡಿದ್ರ ಇಲ್ಲೆ ಸುಮ್ಮನ ಬಿಡ್ತಾರ. ನಿಮ್ಮ ಹುಡುಗಂದು ತಪ್ಪಿಲ್ಲ ಅನಸ್ತದ ನನಗ. ರೆಫ್ರೀ ಅವಸರ ಮಾಡ್ಯಾನ.

ಪಟ್ಟೆ ಅಂಗಿ

ನಾನು ನಾರ್ತ್ ಕ್ಯಾರೊಲೈನಾದಲ್ಲಿ ಹೈಸ್ಕೂಲ್ ಪಂದ್ಯಗಳಿಗೆ ಅಂಪೈರ್ ಆಗಿ ಕೆಲಸ ಮಾಡುತ್ತೇನೆ. ಡಿಫೆನ್ಸ್ ಲೈನಿನ ಹಿಂದೆ ನಿಂತು ಒಳಗಿನ ಐದು ಜನ ಲೈನ್‌ಮನ್‌ಗಳ ಕೈಕಾಲು ನೋಡುವುದೇ ನನ್ನ ಪಾಲಿನ ಕೆಲಸ, ಹಾಗಾಗಿ ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಹ್ಯೂಸ್ಟನ್ ಅಣ್ಣನವರ ಮಾತು. ಅವರು ನೋಡುತ್ತಿರುವುದು ಬೇರೆ ಪುಸ್ತಕದ ಆಟ. ಟೆಕ್ಸಾಸ್ ಹೈಸ್ಕೂಲ್‌ಗಳು ಕಾಲೇಜಿನ ಎನ್‌ಸಿಎಎ ನಿಯಮಗಳನ್ನೇ ಆಧಾರವಾಗಿ ಇಟ್ಟುಕೊಂಡು, ತಮ್ಮದೇ ಕೆಲವು ಅಪವಾದ ಸೇರಿಸಿ ಆಡುತ್ತವೆ. ಮೊದಲು ಮ್ಯಾಸಚೂಸೆಟ್ಸ್ ಕೂಡ ಹಾಗೇ ಇತ್ತು, 2019ರ ಸೀಸನ್‌ನಿಂದ ಅವರು ಬಿಟ್ಟರು. ಓಹಾಯೋ ಆಡುವುದು ಎನ್‌ಎಫ್‌ಎಚ್‌ಎಸ್ ಪುಸ್ತಕದ ಪ್ರಕಾರ. ಇಂಡಿಯಾನಾಪೊಲಿಸ್‌ನಲ್ಲಿರುವ ಹೈಸ್ಕೂಲ್ ಸಂಘಗಳ ರಾಷ್ಟ್ರೀಯ ಒಕ್ಕೂಟ ಹೊರಡಿಸುವ ಪುಸ್ತಕ ಅದು. ಶನಿವಾರದ ಟಿವಿ, ಭಾನುವಾರದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಎರಡೂ ಅದಕ್ಕೆ ಸಂಬಂಧವಿಲ್ಲ.

ಈ ಪುಸ್ತಕದಲ್ಲಿ ಮೂಲ ನಿಯಮ ಸರಳ: ಚೆಂಡು ಕೈಯಲ್ಲಿಲ್ಲದ ಆಟಗಾರನಿಗೆ ಮುಂದಿನಿಂದಾಗಲಿ ಪಕ್ಕದಿಂದಾಗಲಿ ಸೊಂಟದ ಕೆಳಗೆ ಮೊದಲ ಸ್ಪರ್ಶ ಮಾಡಿ ಬ್ಲಾಕ್ ಮಾಡಬಾರದು. ಇದಕ್ಕೆ ಒಂದೇ ಒಂದು ಕಿಂಡಿ ಇದೆ, ಫ್ರೀ ಬ್ಲಾಕಿಂಗ್ ಝೋನ್. ಸ್ನ್ಯಾಪ್ (ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವುದು) ಆಗುವಾಗ ಚೆಂಡು ಇದ್ದ ಜಾಗದಿಂದ ಎಡಕ್ಕೆ 4 ಯಾರ್ಡ್, ಬಲಕ್ಕೆ 4 ಯಾರ್ಡ್, ಎರಡೂ ಟೀಮಿನ ಲೈನಿನಿಂದ ಹಿಂದಕ್ಕೆ 3 ಯಾರ್ಡ್. ಈ ಚೌಕದೊಳಗೆ ಕೆಳಗೆ ಬ್ಲಾಕ್ ಮಾಡಬೇಕಾದರೂ ಷರತ್ತುಗಳಿವೆ. ಬ್ಲಾಕ್ ಮಾಡುವವನು, ಮಾಡಿಸಿಕೊಳ್ಳುವವನು ಇಬ್ಬರೂ ಸ್ನ್ಯಾಪ್ ಹೊತ್ತಿಗೆ ಲೈನ್ ಆಫ್ ಸ್ಕ್ರಿಮೇಜ್ (ಎರಡೂ ಟೀಮು ಎದುರುಬದುರಾಗುವ ಗೆರೆ) ಮೇಲಿರಬೇಕು, ಝೋನ್ ಒಳಗಿರಬೇಕು, ಸ್ಪರ್ಶವೂ ಝೋನ್ ಒಳಗೇ ಆಗಬೇಕು. ಚೆಂಡು ಝೋನ್ ಬಿಟ್ಟು ಹೊರಗೆ ಹೋದ ಕ್ಷಣ ಆ ಅನುಮತಿ ಮುಗಿಯಿತು.

ಈಗ ನಿಮ್ಮ ಮಗನ ಪ್ರಸಂಗಕ್ಕೆ ಬನ್ನಿ ಸರ್. ಅವನು ರನ್ನಿಂಗ್ ಬ್ಯಾಕ್, ಅಂದರೆ ಲೈನ್ ಮೇಲೆ ಇರಲಿಲ್ಲ. ಅಲ್ಲಿಗೇ ಮುಗಿಯಿತು. ಎದುರಿನವನು ಲೈನ್‌ಬ್ಯಾಕರ್. ಡಿಫೆನ್ಸ್ ಆಟಗಾರ ತನ್ನ ಲೈನಿನಿಂದ 1 ಯಾರ್ಡ್ ಒಳಗಿದ್ದರೆ ಮಾತ್ರ ‘ಲೈನ್ ಮೇಲೆ’ ಅಂತ ಲೆಕ್ಕ, ಹಿಂದಿನಿಂದ ಓಡಿಬಂದವನು ಆ ಲೆಕ್ಕಕ್ಕೆ ಬರುವುದಿಲ್ಲ. ಮೂರನೆಯದು, ಶಾಟ್‌ಗನ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಸಾಮಾನ್ಯವಾಗಿ 5 ಯಾರ್ಡ್ ಹಿಂದೆ ನಿಲ್ಲುತ್ತಾನೆ. ಚೆಂಡು ಅವನ ಕೈ ಸೇರುವ ಮೊದಲೇ ಝೋನ್ ದಾಟಿರುತ್ತದೆ. ಮೂರರಲ್ಲಿ ಒಂದೇ ಸಾಕಿತ್ತು ಫ್ಲ್ಯಾಗ್‌ಗೆ, ಇಲ್ಲಿ ಮೂರೂ ಸೇರಿವೆ. ನಾನಿದ್ದರೂ ಫ್ಲ್ಯಾಗ್ ಹಾಕುತ್ತಿದ್ದೆ.

ಹುಡುಗನಿಗೆ ಇಷ್ಟು ಹೇಳಿ: ಅವನಿಗೆ ಹೇಳಿಕೊಟ್ಟದ್ದನ್ನೇ ಅವನು ಮಾಡಿದ್ದಾನೆ. ಈ ನಿಯಮ ತಿಳಿಸಿಕೊಡಬೇಕಾದದ್ದು ದೊಡ್ಡವರ ಜವಾಬ್ದಾರಿ.

ಓಹಾಯೋ ಅಪ್ಪ

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಹಾಗಿದ್ದರೆ ಅದೇ ಮ್ಯಾಚ್‌ನಲ್ಲಿ ಎದುರು ಟೀಮಿನ ಗಾರ್ಡ್ ನಮ್ಮ ನೋಸ್ ಗಾರ್ಡ್‌ನ (ಸೆಂಟರ್ ಎದುರು ನಿಲ್ಲುವ ಡಿಫೆನ್ಸ್ ಆಟಗಾರ) ಕಾಲಿಗೆ ಬಿದ್ದ, ಅವರೂ ಶಾಟ್‌ಗನ್‌ನಲ್ಲೇ ಇದ್ದರು, ಅದಕ್ಕೆ ಯಾಕೆ ಫ್ಲ್ಯಾಗ್ ಇಲ್ಲ? ಚೆಂಡು ಅಲ್ಲೂ ಝೋನ್ ಬಿಟ್ಟು ಹೋಗಿತ್ತಲ್ಲ.

ಪಟ್ಟೆ ಅಂಗಿ

ಒಳ್ಳೆಯ ಪ್ರಶ್ನೆ ಸರ್. ಎಷ್ಟೋ ವರ್ಷ ನಾವು ಅಂಪೈರ್‌ಗಳೇ ಇದರ ಬಗ್ಗೆ ಸೀಸನ್ ಶುರುವಿನ ಸಭೆಗಳಲ್ಲಿ ತಲೆ ಕೆಡಿಸಿಕೊಂಡಿದ್ದೇವೆ. ಶಾಟ್‌ಗನ್ ಎಲ್ಲ ಟೀಮಿಗೂ ಹರಡಿದ ಮೇಲೆ ಚೆಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಝೋನ್ ದಾಟುತ್ತದೆ. ಅಂಪೈರ್ ಒಂದೇ ಕ್ಷಣದಲ್ಲಿ ಗಾಳಿಯಲ್ಲಿರುವ ಚೆಂಡನ್ನೂ ಗಾರ್ಡ್‌ನ ಭುಜವನ್ನೂ ನೋಡುವುದು ಆಗದ ಮಾತು. ಒಂದೇ ಬ್ಲಾಕ್‌ಗೆ ಒಬ್ಬರು ಫ್ಲ್ಯಾಗ್ ಹಾಕುತ್ತಿದ್ದರು, ಇನ್ನೊಬ್ಬರು ಬಿಡುತ್ತಿದ್ದರು.

2021ರಲ್ಲಿ ಇದನ್ನು ಸರಿಮಾಡಿದರು. ಆಫೆನ್ಸ್ ಲೈನ್‌ಮನ್ ಕೆಳಗೆ ಬ್ಲಾಕ್ ಮಾಡುವುದಾದರೆ ಅದು ಸ್ನ್ಯಾಪ್ ಆದ ತಕ್ಷಣದ, ಅವನ ಮೊಟ್ಟಮೊದಲ ಕ್ರಿಯೆಯೇ ಆಗಿರಬೇಕು ಎಂದು ಬರೆದರು. ಈಗ ನಾನು ಚೆಂಡಿನ ಹಿಂದೆ ಹೋಗುವುದಿಲ್ಲ, ಲೈನ್‌ಮನ್‌ನ ಮೊದಲ ಚಲನೆ ನೋಡುತ್ತೇನೆ; ತಕ್ಷಣ ಹೋದವನು ಚೆಂಡು ಝೋನ್ ಬಿಡುವಷ್ಟರಲ್ಲೇ ತಾಗಿರುತ್ತಾನೆ. ಸ್ನ್ಯಾಪ್ ಆದಕೂಡಲೇ ಎದುರಿನವನ ತೊಡೆಗೆ ಹೋದನೇ? ಸರಿ. ಎದ್ದು ನಿಂತು, ಕೈ ಕೊಟ್ಟು, ಅಥವಾ ಪಾಸ್ ಕಾಯಲು ಒಂದೆರಡು ಹೆಜ್ಜೆ ಹಿಂದೆ ಸರಿದು, ಆಮೇಲೆ ಕೆಳಗೆ ಬಿದ್ದನೇ? ಫ್ಲ್ಯಾಗ್, 15 ಯಾರ್ಡ್. ನೀವು ನೋಡಿದ ಗಾರ್ಡ್ ತಕ್ಷಣ ಹೋಗಿದ್ದರೆ ಅದು ಸರಿಯಾದ ಬ್ಲಾಕೇ.

ಟೈಟ್ ಎಂಡ್, ಅಂದರೆ ಲೈನಿನ ತುದಿಯಲ್ಲಿ ನಿಲ್ಲುವವನ ವಿಷಯದಲ್ಲಿ ಜಗಳ ಜಾಸ್ತಿ. ದೇಹದ ಯಾವುದೇ ಭಾಗ 4 ಯಾರ್ಡ್ ಗೆರೆಯ ಒಳಗಿದ್ದರೂ ಅವನು ಝೋನ್‌ನಲ್ಲಿದ್ದಾನೆ ಎಂದೇ ಲೆಕ್ಕ. ಆದರೆ ಲೈನ್‌ಮನ್‌ಗಳ ನಡುವೆ ಅಗಲವಾಗಿ ಜಾಗ ಬಿಟ್ಟು ನಿಲ್ಲುವ ಟೀಮುಗಳಲ್ಲಿ ಗಾರ್ಡ್ ಪಕ್ಕದ ಲೈನ್‌ಮನ್, ಅಂದರೆ ಟ್ಯಾಕಲ್ ಕೂಡ ಝೋನ್ ಹೊರಗೆ ಬೀಳಬಹುದು.

ವಿಂಗ್ ಟಿ ಕೋಚ್

ಪೆನ್ಸಿಲ್ವೇನಿಯಾದಿಂದ. ಲೈನ್ ಕೋಚ್ ಆಗಿ ಸಹಾಯ ಮಾಡುತ್ತೇನೆ, ಚಿಕ್ಕ ಶಾಲೆ. ಈ ಕಿಂಡಿ ಯಾಕೆ ಉಳಿದಿದೆ ಅನ್ನುವುದನ್ನು ಯಾರಾದರೂ ಹೇಳಬೇಕು, ನಾನೇ ಹೇಳುತ್ತೇನೆ.

ನಮ್ಮಂಥ ಶಾಲೆಯಲ್ಲಿ ಗಾರ್ಡ್ 170 ಪೌಂಡ್ ಇದ್ದರೆ ಅದೇ ದೊಡ್ಡದು. ಎದುರು ದೊಡ್ಡ ಶಾಲೆಯ ನೋಸ್ ಗಾರ್ಡ್ 260 ಪೌಂಡ್. ಅವನನ್ನು ನಿಂತುಕೊಂಡು ತಳ್ಳು ಅಂತ ಮಕ್ಕಳಿಗೆ ಹೇಳೋದಕ್ಕೆ ಅರ್ಥವಿಲ್ಲ. ಆಪ್ಶನ್ (ಚೆಂಡು ಯಾರು ಹಿಡಿದು ಓಡಬೇಕು ಎಂದು ಕ್ವಾರ್ಟರ್‌ಬ್ಯಾಕ್ ಆಟದ ನಡುವೆಯೇ ನಿರ್ಧರಿಸುವ ಶೈಲಿ) ಆಡುವ ಟೀಮಿನಲ್ಲಿ ಚೆಂಡು ಒಂದು ಕಡೆ ಹೋದರೆ, ಆಚೆ ಕಡೆಯ ಗಾರ್ಡ್ ಮತ್ತು ಟ್ಯಾಕಲ್ ತಮ್ಮ ಒಳಗಿನವನ ಮುಂದೆ ದಾಟಿ ಅವನನ್ನು ಕಟ್ ಮಾಡಿ ನಿಲ್ಲಿಸುತ್ತಾರೆ. ಅವನನ್ನು ಗೆಲ್ಲಬೇಕಿಲ್ಲ, ಅಡ್ಡ ಬಂದು ಎರಡು ಸೆಕೆಂಡ್ ತಡೆದರೆ ಸಾಕು. ಆ ಕೆಲಸ ಗಾತ್ರದಿಂದಲ್ಲ, ವೇಗ ಮತ್ತು ಕೋನದಿಂದ ಆಗುತ್ತದೆ. ಇದನ್ನೂ ಕಿತ್ತುಕೊಂಡರೆ ಚಿಕ್ಕ ಶಾಲೆಗಳು ಆಡುವುದೇ ಕಷ್ಟ.

ಆರ್ಮಿ, ನೇವಿ, ಏರ್ ಫೋರ್ಸ್ ಅಕಾಡೆಮಿ ಟೀಮುಗಳನ್ನು ನೋಡಿ, ದಶಕಗಟ್ಟಲೆ ಅವರು ಆಪ್ಶನ್ ಆಡಿದ್ದು ಇದರ ಬಲದಿಂದಲೇ. ಕಾಲೇಜಿನವರು 2022ರಲ್ಲಿ ಟ್ಯಾಕಲ್ ಬಾಕ್ಸ್ (ಲೈನಿನ ನಡುಭಾಗದ ಜಾಗ) ಹೊರಗೆ ಸೊಂಟದ ಕೆಳಗಿನ ಬ್ಲಾಕನ್ನು ಪೂರ್ತಿ ನಿಷೇಧಿಸಿದಾಗ ಹೆಚ್ಚು ಪೆಟ್ಟು ಬಿದ್ದದ್ದೂ ಇಂಥ ಟೀಮುಗಳಿಗೇ.

ಮಂಡಿ ನೋಡುವವಳು

ಕೋಚ್ ಸರ್, ನಿಮ್ಮ ಮಾತಿಗೆ ಗೌರವ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಾನು ಫಿಸಿಯೋಥೆರಪಿಸ್ಟ್, ಮೈಸೂರಿನಲ್ಲಿ ಓದಿ ಈಗ ನ್ಯೂಜೆರ್ಸಿಯಲ್ಲಿ ಕೆಲಸ. ಪ್ರತಿ ಅಕ್ಟೋಬರ್‌ನಲ್ಲಿ ಫುಟ್‌ಬಾಲ್ ಹುಡುಗರು ಊರುಗೋಲಿನಲ್ಲಿ ಬರುತ್ತಾರೆ.

ಪಾದ ನೆಲದಲ್ಲಿ ಊರಿದ್ದಾಗ, ಸ್ಪೈಕ್ ಹುಲ್ಲಿಗೆ ಕಚ್ಚಿಕೊಂಡಾಗ, ಪಕ್ಕದಿಂದ ಮಂಡಿಗೆ ಭಾರ ಬಿದ್ದರೆ ಕಾಲಿಗೆ ಸರಿದುಕೊಳ್ಳಲು ದಾರಿ ಇರುವುದಿಲ್ಲ. ಮಂಡಿಯ ಒಳಬದಿಯ ಲಿಗಮೆಂಟ್ (ಮೂಳೆಗಳನ್ನು ಜೋಡಿಸುವ ನಾರು) ಎಂಸಿಎಲ್ ಹರಿಯುತ್ತದೆ, ಎಷ್ಟೋ ಸಲ ಜೊತೆಗೆ ಮಂಡಿಯ ನಡುವಿನ ಎಸಿಎಲ್ ಕೂಡ. ಹೈಸ್ಕೂಲ್ ಮಕ್ಕಳಲ್ಲಿ ಇನ್ನೊಂದು ಅಪಾಯವಿದೆ, ಅದು ಕಾಲೇಜು ಆಟಗಾರರಲ್ಲಿ ಅಷ್ಟಿಲ್ಲ. ಈ ವಯಸ್ಸಿನ ಹುಡುಗರಿಗೆ ತೊಡೆಮೂಳೆಯ ತುದಿಯಲ್ಲಿ ಗ್ರೋತ್ ಪ್ಲೇಟ್ (ಮೂಳೆ ಬೆಳೆಯುವ ಪದರ) ಇನ್ನೂ ಮುಚ್ಚಿರುವುದಿಲ್ಲ. ಲಿಗಮೆಂಟ್ ಬದಲು ಅಲ್ಲೇ ಮೂಳೆ ಮುರಿದರೆ ಆ ಕಾಲಿನ ಬೆಳವಣಿಗೆಗೇ ತೊಂದರೆ ಆಗಬಹುದು. ಹದಿನೈದು ವರ್ಷದ ಹುಡುಗನಿಗೆ, ಅವನ ತಾಯಿಯ ಎದುರು, ಇದನ್ನು ವಿವರಿಸುವುದು ಸುಲಭವಲ್ಲ.

ಝೋನ್ ಒಳಗೇ ಆದರೂ ಅನುಮತಿ ಯಾಕಿರಬೇಕು? ಕಾಲೇಜು ಆಟಕ್ಕಿಂತ ಮಕ್ಕಳ ಆಟ ಬಿಗಿಯಾಗಿರಬೇಕು ಅನ್ನುವುದು ನನ್ನ ನಿಲುವು.

ಪಟ್ಟೆ ಅಂಗಿ

ಮೇಡಂ, ನಿಯಮ ನೀವು ಹೇಳುವ ದಿಕ್ಕಿನಲ್ಲೇ ಹೋಗುತ್ತಿದೆ. ಕ್ಲಿಪ್ಪಿಂಗ್, ಅಂದರೆ ಹಿಂದಿನಿಂದ ಸೊಂಟದಲ್ಲಿ ಅಥವಾ ಅದರ ಕೆಳಗೆ ಬ್ಲಾಕ್ ಮಾಡುವುದು, ಮೊದಲು ಝೋನ್ ಒಳಗೆ ಷರತ್ತಿನ ಮೇಲೆ ನಡೆಯುತ್ತಿತ್ತು. 2016ರಿಂದ ಮೈದಾನದ ಯಾವ ಮೂಲೆಯಲ್ಲೂ ಇಲ್ಲ. ಈಗ ಹಿಂದಿನಿಂದ ಉಳಿದಿರುವುದು ಒಂದೇ: ಝೋನ್ ಒಳಗೆ ಆಫೆನ್ಸ್ ಲೈನ್‌ಮನ್ ಸೊಂಟದ ಮೇಲೆ ಬೆನ್ನಿಗೆ ತಳ್ಳಬಹುದು, ಅದೂ ಚೆಂಡು ಝೋನ್‌ನಲ್ಲಿ ಇರುವ ತನಕ. ಬೇರೆ ಕಡೆ ಬೆನ್ನಿಗೆ ತಳ್ಳಿದರೆ 10 ಯಾರ್ಡ್.

ಚಾಪ್ ಬ್ಲಾಕ್‌ಗೆ ಎಲ್ಲೂ ಅನುಮತಿ ಇಲ್ಲ. ಒಬ್ಬ ಮೇಲೆ ಹಿಡಿದಿರುವಾಗ ಇನ್ನೊಬ್ಬ ಕೆಳಗೆ ಬೀಳುವುದು. ಇಬ್ಬರೂ ಮಾತಾಡಿಕೊಂಡು ಮಾಡಿದರೇ ತಪ್ಪು ಅಂತ ಕೆಲವು ಕೋಚ್‌ಗಳು ವಾದಿಸುತ್ತಾರೆ. ಹಾಗಿಲ್ಲ. ಸೆಂಟರ್ ನೋಸ್ ಗಾರ್ಡ್‌ನನ್ನು ಎದೆಯಲ್ಲಿ ತಡೆದಿದ್ದಾನೆ, ಪಕ್ಕದ ಗಾರ್ಡ್ ತನ್ನ ಪಾಡಿಗೆ ಅವನ ಮಂಡಿಗೆ ಹೋದ, ಅಷ್ಟಾದರೆ ಸಾಕು. ಉದ್ದೇಶ ನಾನು ನೋಡುವುದಿಲ್ಲ. ಮೇಲೆ ಭಾರ ಹೊತ್ತ ಮಂಡಿಗೆ ಕೆಳಗಿನಿಂದ ಪೆಟ್ಟು ಬಿತ್ತೋ ಇಲ್ಲವೋ ಅಷ್ಟೇ. 15 ಯಾರ್ಡ್.

ಕುಡ್ಲದ ಓದುಗ

ನಾನು ಮಂಗಳೂರಿನಲ್ಲೇ ಇರುವವನು, ಈ ಆಟ ಟಿವಿಯಲ್ಲಿ ಮಾತ್ರ ನೋಡಿದ್ದು. ಒಂದು ಅರ್ಥ ಆಗುವುದಿಲ್ಲ ಮಾರಾಯ್ರೆ. ನಮ್ಮ ಕಬಡ್ಡಿಯಲ್ಲಿ ರೈಡರನ ಕಾಲು ಹಿಡಿಯುವುದೇ ಆಟ, ಆಂಕಲ್ ಹೋಲ್ಡ್‌ಗೆ ಚಪ್ಪಾಳೆ ಬೀಳುತ್ತದೆ. ಇವರಲ್ಲೂ ಚೆಂಡು ಹಿಡಿದು ಓಡುವವನನ್ನು ಕಾಲಿಗೇ ಬಿದ್ದು ಕೆಡವುತ್ತಾರೆ, ಆಗ ಫ್ಲ್ಯಾಗ್ ಇಲ್ಲ. ಬ್ಲಾಕ್ ಮಾಡುವಾಗ ಮಾತ್ರ ಯಾಕೆ ಇಷ್ಟೊಂದು ಕಟ್ಟುಪಾಡು?

ವಿಂಗ್ ಟಿ ಕೋಚ್

ನಿಮ್ಮ ಕಬಡ್ಡಿ ಉದಾಹರಣೆಯಲ್ಲೇ ಉತ್ತರ ಇದೆ ಸರ್. ರೈಡರ್‌ಗೆ ಗೊತ್ತು, ಏಳೂ ಜನ ತನ್ನ ಕಾಲಿನ ಮೇಲೇ ಕಣ್ಣಿಟ್ಟಿದ್ದಾರೆ ಅಂತ. ಚೆಂಡು ಹಿಡಿದವನಿಗೂ ಹಾಗೇ, ಎಲ್ಲರೂ ತನ್ನ ಕಡೆಗೇ ಬರುತ್ತಿದ್ದಾರೆ ಅಂತ ಗೊತ್ತಿರುತ್ತದೆ. ಬ್ಲಾಕ್ ಮಾಡಿಸಿಕೊಳ್ಳುವವನ ಕಣ್ಣು ಚೆಂಡಿನ ಮೇಲಿರುತ್ತದೆ, ತನ್ನ ಕಾಲಿನ ಹತ್ತಿರ ಯಾರು ಬಂದರು ಅನ್ನುವುದು ಅವನಿಗೆ ತಿಳಿಯುವುದಿಲ್ಲ. ಲೈನ್ ಮೇಲೆ ಎದುರುಬದುರು ಕೂತವರಿಗೆ ಮಾತ್ರ ಯಾಕೆ ಅನುಮತಿ ಅಂದರೆ, ಅಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರುತ್ತಾರೆ, ನಡುವೆ ಇರುವ ಅಂತರ ಗೇಣಿನಷ್ಟು, ವೇಗ ಕೂಡಲು ಜಾಗವೇ ಇರುವುದಿಲ್ಲ.

ಮೇಡಂ, ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಇದೇ. ಓಡಿಬಂದು ಮಂಡಿಗೆ ಬೀಳುವುದಕ್ಕೂ, ಮೂರು ಪಾಯಿಂಟ್ ಸ್ಟಾನ್ಸ್‌ನಿಂದ (ಒಂದು ಕೈ ನೆಲಕ್ಕೂರಿ ಬಗ್ಗಿ ನಿಂತಲ್ಲಿಂದ) ಎದುರಿನವನ ತೊಡೆಗೆ ಭುಜ ಕೊಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ಮಂಡಿ ನೋಡುವವಳು

ವ್ಯತ್ಯಾಸ ಇದೆ ಸರ್, ಒಪ್ಪುತ್ತೇನೆ. ಆದರೆ ನಿಮ್ಮ ಹುಡುಗರು ಗುರಿ ಇಡುವುದು ತೊಡೆಗೆ, ಎದುರಿನವನು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ತಾಗುವುದು ಮಂಡಿಗೆ. ಅದು ನಿಮ್ಮ ಕೈಯಲ್ಲಿಲ್ಲ.

ಬ್ಲಾಕ್ ಮಾಡುವವನ ಕುತ್ತಿಗೆಯ ಬಗ್ಗೆಯೂ ಯಾರೂ ಮಾತಾಡಲಿಲ್ಲ. ಕೆಳಗೆ ಹೋಗುವಾಗ ಹುಡುಗರು ತಲೆ ತಗ್ಗಿಸುತ್ತಾರೆ. ತಲೆ ತಗ್ಗಿದರೆ ಕುತ್ತಿಗೆಯ ಸಹಜ ಬಾಗು ನೇರವಾಗುತ್ತದೆ, ಹೆಲ್ಮೆಟ್‌ನ ನೆತ್ತಿಗೆ ಬಿದ್ದ ಪೆಟ್ಟು ನೇರ ಬೆನ್ನುಹುರಿಯ ಮೂಳೆಗಳಿಗೆ ಇಳಿಯುತ್ತದೆ. 1976ರಲ್ಲಿ ಹೈಸ್ಕೂಲ್ ಮತ್ತು ಕಾಲೇಜು ಎರಡೂ ಕಡೆ ಹೆಲ್ಮೆಟ್‌ನಿಂದ ಗುದ್ದಿ ಬ್ಲಾಕ್ ಮಾಡುವುದನ್ನೂ ಟ್ಯಾಕಲ್ ಮಾಡುವುದನ್ನೂ ನಿಷೇಧಿಸಿದರು. ಅದಾದ ಮೇಲೆ ಕುತ್ತಿಗೆ ಮುರಿದು ಕೈಕಾಲು ಸ್ವಾಧೀನ ತಪ್ಪುವ ಪ್ರಕರಣಗಳು ಗಣನೀಯವಾಗಿ ಕಡಿಮೆಯಾದವು. ಒಂದು ನಿಯಮ ಬದಲಾಗಿ ಎಷ್ಟೋ ಮಕ್ಕಳು ನಡೆದಾಡುವಂತೆ ಉಳಿದರು. ‘ಆಟ ಹಾಳಾಗುತ್ತದೆ’ ಅನ್ನುವ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅದೇ.

ವಿಂಗ್ ಟಿ ಕೋಚ್

ಕುತ್ತಿಗೆಯ ವಿಷಯದಲ್ಲಿ ನಾವಿಬ್ಬರೂ ಒಂದೇ ಕಡೆ ಇದ್ದೇವೆ ಮೇಡಂ. ನಮ್ಮಲ್ಲಿ ತಲೆ ತಗ್ಗಿಸಿದ ಹುಡುಗನಿಗೆ ಆ ವಾರ ಕಟ್ ಬ್ಲಾಕ್ ಇಲ್ಲ. ಕಣ್ಣು ಎದುರಿನವನ ಬೆಲ್ಟ್ ಮೇಲಿರಬೇಕು, ತಾಗಬೇಕಾದದ್ದು ಭುಜ. ಅಭ್ಯಾಸದಲ್ಲಿ ನಮ್ಮವರೇ ನಮ್ಮವರ ಕಾಲಿಗೆ ಬೀಳುವುದಂತೂ ಇಲ್ಲವೇ ಇಲ್ಲ, ನಿಲ್ಲಿಸಿದ ಬ್ಯಾಗ್ ಮೇಲೆ ಮಾತ್ರ. ಡಿಫೆನ್ಸ್ ಹುಡುಗರಿಗೂ ಕೆಳಗೆ ಬಂದವನ ಹೆಲ್ಮೆಟ್, ಭುಜದ ಮೇಲೆ ಎರಡೂ ಕೈ ಒತ್ತಿ, ಕಾಲು ಹಿಂದಕ್ಕೆಳೆದುಕೊಳ್ಳುವುದನ್ನು ಕಲಿಸಬೇಕು. ಎಷ್ಟೋ ಟೀಮಿನಲ್ಲಿ ಕಲಿಸುವುದಿಲ್ಲ, ಮಂಡಿ ಪೆಟ್ಟಿಗೆ ಅದೂ ಒಂದು ಕಾರಣ. ಆದರೂ ಝೋನ್ ಒಳಗಿನ ಬ್ಲಾಕ್ ಬೇಡ ಅನ್ನುವುದಕ್ಕೆ ನಾನು ಒಪ್ಪಲಾರೆ.

ಹುಬ್ಬಳ್ಳಿ ಟು ಹ್ಯೂಸ್ಟನ್

ಎಲ್ಲಾ ಓದಿದೆ ರೀ. ಪುಸ್ತಕ ಬ್ಯಾರೆ ಬ್ಯಾರೆ ಅನ್ನೋದು ತಿಳೀತು. ಇನ್ನೊಂದು ಕೇಳ್ತೀನಿ. ನನ್ನ ತಂಗಿ ಮಗ ಇಲಿನಾಯ್‌ದಾಗ ಆಡ್ತಾನ. ಪಂಟ್ ರಿಟರ್ನ್ (ಎದುರಿನವರು ಒದ್ದ ಚೆಂಡು ಹಿಡಿದು ವಾಪಸ್ ಓಡೋದು) ಒಳಗ, ಚೆಂಡು ಹಿಡಿದವನ ಹಿಂದ ಓಡ್ತಿದ್ದ ಹುಡುಗನ್ನ ಬಾಜೂದಿಂದ ಬಂದು ಭುಜಾ ಕೊಟ್ಟು ಹಾರಿಸಿಬಿಟ್ಟ. ಎದಿಗೇ ತಾಗಿದ್ದು, ಸೊಂಟದ ಕೆಳಗ ಅಲ್ಲ, ಬೆನ್ನಿಗೂ ಅಲ್ಲ. ಆದರೂ 15 ಯಾರ್ಡ್ ಹಾಕಿದ್ರು. ಮೊದಲೆಲ್ಲಾ ಇಂಥಾ ಹೊಡತ ಟಿವಿಯಾಗ ಮತ್ತ ಮತ್ತ ತೋರಸ್ತಿದ್ರು.

ಪಟ್ಟೆ ಅಂಗಿ

ಅದು ಬ್ಲೈಂಡ್‌ಸೈಡ್ ಬ್ಲಾಕ್ ಅಣ್ಣ. 2017ರಿಂದ ಎನ್‌ಎಫ್‌ಎಚ್‌ಎಸ್ ಪುಸ್ತಕದಲ್ಲಿದೆ. ಚೆಂಡು ಹಿಡಿಯದ ಆಟಗಾರ, ಬ್ಲಾಕ್ ಮಾಡಲು ಬರುತ್ತಿರುವವನನ್ನು ನೋಡಿಲ್ಲದಿದ್ದರೆ, ಝೋನ್ ಹೊರಗೆ ಅವನನ್ನು ತಡೆಯಲು ಒಂದೇ ದಾರಿ: ಬಿಚ್ಚಿದ ಅಂಗೈ ಮೊದಲು ತಾಗಬೇಕು. ಭುಜ, ಮೊಣಕೈ, ಮುಂಗೈ ಕೊಟ್ಟು ನುಗ್ಗಿದರೆ ತಾಗಿದ್ದು ಎದೆಗಾದರೂ ಫ್ಲ್ಯಾಗ್. ಎನ್‌ಎಫ್‌ಎಲ್‌ಗೆ ಇಂಥ ನಿಷೇಧ ಬಂದದ್ದು 2019ರಲ್ಲಿ, ಹೈಸ್ಕೂಲ್ ಎರಡು ವರ್ಷ ಮುಂದಿತ್ತು.

ನಿಮ್ಮ ತಂಗಿ ಮಗನಿಗೆ ಹೇಳಿ, ಕೈ ಚಾಚಿ ಎದುರು ನಿಂತರೂ ಸಾಕು. ಪಂಟ್ ರಿಟರ್ನ್‌ನಲ್ಲಿ ಓಡಿಬರುವವನು ಸುತ್ತಿ ಹೋಗಲು ಎರಡು ಹೆಜ್ಜೆ ಹೆಚ್ಚು ಇಟ್ಟರೆ ರಿಟರ್ನರ್ ದಾಟಿಬಿಡುತ್ತಾನೆ. ಪಂಟ್, ಕಿಕ್‌ಆಫ್ ರಿಟರ್ನ್‌ಗಳಲ್ಲಿ ಸೊಂಟದ ಕೆಳಗಂತೂ ಹೋಗಲೇಬಾರದು.

ಓಹಾಯೋ ಅಪ್ಪ

ಮಗನ ಜೊತೆ ಕೂತು ಹಡ್ಲ್ (ಟೀಮುಗಳು ಪಂದ್ಯದ ವಿಡಿಯೋ ಹಾಕುವ ತಾಣ) ವಿಡಿಯೋದಲ್ಲಿ ಆ ಪ್ಲೇ ನಿಧಾನಗತಿಯಲ್ಲಿ ನೋಡಿದೆ. ಅವನು ತಾಗಿದಾಗ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಯಲ್ಲಿ ಭದ್ರವಾಗಿತ್ತು. ಕೋಚ್‌ಗೆ ಮೇಲ್ ಮಾಡಿದೆ, ಈ ಪುಸ್ತಕದ ಷರತ್ತುಗಳನ್ನೂ ಬರೆದೆ. ಅವರು ಸಭ್ಯವಾಗಿ ಉತ್ತರ ಕೊಟ್ಟರು, ಬ್ಯಾಕ್‌ಗಳಿಗೆ ಕಟ್ ಬ್ಲಾಕ್ ಹೇಳಿಕೊಡುವುದನ್ನು ನಿಲ್ಲಿಸುತ್ತಾರಂತೆ. ಆ ಲೈನ್‌ಬ್ಯಾಕರ್ ಹುಡುಗನಿಗೆ ಏನೂ ಆಗಿಲ್ಲ ಅಂತ ವಿಚಾರಿಸಿ ತಿಳಿದುಕೊಂಡೆವು, ಮಗನಿಗೆ ಅದೇ ದೊಡ್ಡ ಸಮಾಧಾನ.

ಎರಡು ಪ್ರಶ್ನೆ ಉಳಿದಿವೆ. ಇಂಥ ಫ್ಲ್ಯಾಗ್ ತಪ್ಪು ಅನಿಸಿದರೆ ಅಲ್ಲೇ ಕೇಳಲು ದಾರಿ ಇದೆಯಾ? ಇನ್ನು, ಕಟ್ ಮಾಡಬಾರದು ಅಂದರೆ ಅಷ್ಟು ದೊಡ್ಡವನನ್ನು ಚಿಕ್ಕ ಹುಡುಗ ತಡೆಯುವುದು ಹೇಗೆ?

ಪಟ್ಟೆ ಅಂಗಿ

ದಾರಿ ಇದೆ ಸರ್, ಆದರೆ ಕೋಚ್‌ಗೆ ಮಾತ್ರ. ಮುಂದಿನ ಸ್ನ್ಯಾಪ್‌ಗೆ ಮೊದಲು ಟೈಮ್‌ಔಟ್ ಕೇಳಿ ರೆಫ್ರೀ ಜೊತೆ ಮಾತಾಡಬಹುದು. ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದರೆ ತೀರ್ಪು ತಿದ್ದುತ್ತಾರೆ, ಆ ಟೈಮ್‌ಔಟ್ ಟೀಮಿನ ಲೆಕ್ಕಕ್ಕೆ ಬರುವುದಿಲ್ಲ. ತೀರ್ಪು ಬದಲಾಗದಿದ್ದರೆ ಟೈಮ್‌ಔಟ್ ಹೋಯಿತು. ‘ತಾಗಿದ್ದು ಸೊಂಟದ ಮೇಲೆ’ ಅನ್ನುವಂಥ ಕಣ್ಣಿನ ಲೆಕ್ಕವನ್ನು ಹೀಗೆ ಪ್ರಶ್ನಿಸಲು ಬರುವುದಿಲ್ಲ.

ಎರಡನೆಯದಕ್ಕೆ ಕೋಚ್ ಸರ್ ಉತ್ತರಿಸಲಿ.

ವಿಂಗ್ ಟಿ ಕೋಚ್

ಚಿಕ್ಕ ಹುಡುಗ ಕಾಯುತ್ತಾ ನಿಂತರೆ ಸೋಲುತ್ತಾನೆ. ನುಗ್ಗುವವನು ಕಂಡಕೂಡಲೇ ಎರಡು ಹೆಜ್ಜೆ ಮುಂದೆ, ಲೈನ್ ಹತ್ತಿರ ಹೋಗಿ ಎದುರಾಗಬೇಕು. ಅಲ್ಲಿ ಅವನಿಗೆ ಇನ್ನೂ ವೇಗ ಬಂದಿರುವುದಿಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ಹತ್ತಿರದ ದಾರಿ ಒಳಗಿನದು, ಅದನ್ನು ಮುಚ್ಚಿ ಹೊರಗಿನದನ್ನು ಬಿಟ್ಟುಕೊಡಬೇಕು. ಮಂಡಿ ಬಗ್ಗಿಸಬೇಕು, ಸೊಂಟ ಬಗ್ಗಿಸಬಾರದು. ಮೊಣಕೈ ಪಕ್ಕೆಗೆ ಒತ್ತಿಕೊಂಡು ಎರಡೂ ಅಂಗೈ ಅವನ ಜರ್ಸಿ ನಂಬರಿನ ಕೆಳಭಾಗಕ್ಕೆ, ಕೆಳಗಿನಿಂದ ಮೇಲಕ್ಕೆ ತಳ್ಳಬೇಕು. ತಾಗಿದ ಮೇಲೆ ಪಾದ ನಿಲ್ಲಿಸಬಾರದು, ಸಣ್ಣ ಸಣ್ಣ ಹೆಜ್ಜೆ ಹಾಕುತ್ತಲೇ ಇರಬೇಕು. ಕೈ ಅವನ ಎದೆಯ ಅಗಲ ದಾಟಿ ಹೊರಗೆ ಹೋಗಿ ಜರ್ಸಿ ಹಿಡಿದರೆ ಹೋಲ್ಡಿಂಗ್, 10 ಯಾರ್ಡ್, ಅದಕ್ಕೆ ಕೈ ಒಳಗೇ ಇರಲಿ.

ಮನೆಯಲ್ಲೇ ಅಭ್ಯಾಸ ಮಾಡಿಸಬಹುದು. ನೀವು ಒಂದು ದಪ್ಪ ದಿಂಬನ್ನು ಎದೆಗೆ ಹಿಡಿದು ನಡೆಯುವ ವೇಗದಲ್ಲಿ ಬನ್ನಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿ. ಅವನು ಮುಂದೆ ಬಂದು ಒಳದಾರಿ ಮುಚ್ಚಲಿ. ಹೆಲ್ಮೆಟ್ ಇಲ್ಲದೇ ಮಾಡಿಸಿ, ಆಗ ತಲೆ ತಾನಾಗೇ ಹಿಂದೆ ಉಳಿಯುತ್ತದೆ.

ಓಹಾಯೋ ಅಪ್ಪ

ಸರ್, ಈ ಶನಿವಾರ ಬೆಳಿಗ್ಗೆಯೇ ಶುರು ಮಾಡುತ್ತೇವೆ. ವಿಡಿಯೋ ತೆಗೆದು ಇಲ್ಲಿ ಹಾಕಿದರೆ ದಯವಿಟ್ಟು ನೋಡಿ ಹೇಳಿ.

ವಿಂಗ್ ಟಿ ಕೋಚ್

ಖಂಡಿತ. ಪಾದ ಕಾಣುವಂತೆ, ಪಕ್ಕದಿಂದ ತೆಗೆಯಿರಿ.